ಮಾರ್ಚ್ ತಿಂಗಳ ಒಂದು ದಿನ: ಹಳೆಯ ಮೈಸೂರು ರಸ್ತೆಯ ವಸಂತ

ಪಂಚಾಂಗದ ವಸಂತಕ್ಕೂ ಲೆಕ್ಕಪತ್ರದ ವರ್ಷಾಂತ್ಯಕ್ಕೂ ಇರುವ ವೈಮನಸ್ಯ ವ್ಯಾಪಾರಿ ಬಾಂಧವರಿಗೆ ಹೊಸದಲ್ಲ. ಹೊಂಗೆಯ ಮರ ಹಳೆಯ ಎಲೆಗಳನ್ನು ಕಳಚಿ ಎಳೆಹಸುರನ್ನು ಉಡುವ ಹೊತ್ತಿಗೆ, ಮಾವಿನ ಹೂವು ಮಿಡಿಗಟ್ಟುವ ಹೊತ್ತಿಗೆ, ನಮ್ಮ ಅಂಗಡಿ ಮತ್ತು ಕಾರ್ಖಾನೆಗಳಲ್ಲಿ ದಾಸ್ತಾನಿನ ಎಣಿಕೆ, ಮಾರ್ಚ್ 15ರ ಮುಂಗಡ ತೆರಿಗೆಯ ಕೊನೆಯ ಕಂತು, ಬಾಕಿ ವಸೂಲಿ, ಬ್ಯಾಂಕ್ ಸಾಲದ ನವೀಕರಣ ಇವೆಲ್ಲವೂ ಒಟ್ಟಾಗಿ ಬಂದು ನಿಲ್ಲುತ್ತವೆ. 2025ರಲ್ಲಂತೂ ಯುಗಾದಿಯು ಮಾರ್ಚ್ 30ರ ಭಾನುವಾರ ಬಂದಿತು. ಅಂದು ಹೋಳಿಗೆಯ ಎಲೆಯ ಪಕ್ಕದಲ್ಲಿಯೇ ಖಾತೆ ಪುಸ್ತಕ ತೆರೆದಿಟ್ಟುಕೊಂಡವರು ನನ್ನ ಪರಿಚಯದಲ್ಲಿಯೇ ಹಲವರಿದ್ದಾರೆ.

ಹೀಗಿದ್ದರೂ ಫೆಬ್ರವರಿಯ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗಿನ ಅವಧಿಯಲ್ಲಿ ಒಂದು ದಿನವನ್ನು ಬಿಡುವು ಮಾಡಿಕೊಂಡು, ಕುಟುಂಬದೊಡನೆಯೋ ಕಾರ್ಮಿಕರೊಡನೆಯೋ ಬೆಂಗಳೂರಿನಿಂದ ಹೊರಗೆ ಹೋಗಿಬರುವುದು ಸಾಧ್ಯವಿದೆ. ರಾತ್ರಿ ತಂಗುವ ಖರ್ಚಿಲ್ಲ, ಮರುದಿನದ ಕೆಲಸಕ್ಕೆ ಅಡಚಣೆಯಿಲ್ಲ. ಎಲ್ಲಿಗೆ ಎಂಬ ಪ್ರಶ್ನೆಗೆ ಹೆಚ್ಚಿನವರ ಉತ್ತರ ನಂದಿಬೆಟ್ಟ. ಸುಮಾರು 60 ಕಿಲೋಮೀಟರ್ ದೂರದ ಈ ಗಿರಿಧಾಮದ ತಂಪನ್ನು ಅಲ್ಲಗಳೆಯುವಂತಿಲ್ಲವಾದರೂ, ಭಾನುವಾರದ ಬೆಳಗ್ಗೆ ಅಲ್ಲಿ ಕಾಣಸಿಗುವುದು ಸೂರ್ಯೋದಯಕ್ಕಿಂತ ಹೆಚ್ಚಾಗಿ ಮುಂದಿನ ಕಾರಿನ ಹಿಂಬದಿಯ ದೀಪಗಳೇ. ಆ ದಿಕ್ಕಿಗೆ ಹೋಗುವವರು ಬೆಟ್ಟದ ತಪ್ಪಲಿನ ಭೋಗನಂದೀಶ್ವರ ದೇವಾಲಯವನ್ನೂ, ಸಮೀಪದ ಮುದ್ದೇನಹಳ್ಳಿಯನ್ನೂ ನೋಡಿ ಬರಬಹುದು. 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯ ಸ್ಥಾಪನೆಗೆ ಕಾರಣರಾದ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಅದು. ಅವರ ಮನೆ ಇಂದು ಸ್ಮಾರಕವಾಗಿದೆ. ಪೂರ್ವದಲ್ಲಿ ಶ್ರೀನಿವಾಸಪುರದ ಮಾವಿನ ತೋಪುಗಳಿವೆ. ಆದರೆ ಹಣ್ಣು ಬೇಕೆಂದರೆ ಮೇ ತಿಂಗಳವರೆಗೆ ಕಾಯಬೇಕು.

ನಾನು ಈ ಲೇಖನದಲ್ಲಿ ಸೂಚಿಸಬಯಸುವುದು ಪಶ್ಚಿಮದ ದಾರಿಯನ್ನು, ಅದರಲ್ಲಿಯೂ ಹಳೆಯ ಮೈಸೂರು ರಸ್ತೆಯನ್ನು. ಇದಕ್ಕೆ ವಸಂತದ ಕಾರಣವೂ ಉಂಟು, ವ್ಯಾಪಾರದ ಕಾರಣವೂ ಉಂಟು.

ವ್ಯಾಪಾರದ ಕಾರಣವನ್ನು ಮೊದಲು ಹೇಳಿಬಿಡುತ್ತೇನೆ. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ 118 ಕಿಲೋಮೀಟರ್ ಉದ್ದದ ಬೆಂಗಳೂರು-ಮೈಸೂರು ಹೆದ್ದಾರಿಯು ಮೂರು ಗಂಟೆಯ ಪ್ರಯಾಣವನ್ನು ಸುಮಾರು ಒಂದೂವರೆ ಗಂಟೆಗೆ ಇಳಿಸಿತು. ಸುಮಾರು 8,480 ಕೋಟಿ ರೂಪಾಯಿ ವೆಚ್ಚದ ಈ ಯೋಜನೆಯಿಂದ ಸರಕು ಸಾಗಾಟಕ್ಕೆ ಆದ ಅನುಕೂಲ ನಿರ್ವಿವಾದ. ಆದರೆ ಜಮೆ ಇದ್ದ ಕಡೆ ಖರ್ಚೂ ಇರಲೇಬೇಕು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಈ ಎಲ್ಲ ಊರುಗಳನ್ನು ಬೈಪಾಸ್‌ಗಳು ಹೊರಗಿಟ್ಟವು. ದಶಕಗಳಿಂದ ಹೋಗಿಬರುವ ವಾಹನಗಳನ್ನೇ ನೆಚ್ಚಿಕೊಂಡಿದ್ದ ಹೋಟೆಲುಗಳು, ಗೊಂಬೆ ಅಂಗಡಿಗಳು, ಎಳನೀರಿನ ಗಾಡಿಗಳು, ಪಂಕ್ಚರ್ ಹಾಕುವವರು ಒಂದೇ ಋತುವಿನಲ್ಲಿ ಗಿರಾಕಿಗಳನ್ನು ಕಳೆದುಕೊಂಡರು. ಈ ದಾರಿಯ ಬದಿಯ ಹೋಟೆಲೊಂದರ ಲೆಕ್ಕಪತ್ರವನ್ನು ನೋಡುವ ಅವಕಾಶ ನನಗಿದೆ. ಅಂಕಿಗಳನ್ನು ಬಹಿರಂಗಪಡಿಸುವುದು ನನ್ನ ವೃತ್ತಿಧರ್ಮವಲ್ಲ. ಮಾರಾಟದ ಪುಸ್ತಕದಲ್ಲಿ 2023ನೆಯ ಇಸವಿಯ ಪುಟಗಳು ಉಳಿದ ವರ್ಷಗಳಿಗಿಂತ ಬೇಗ ಮುಗಿಯುತ್ತವೆ ಎಂದಷ್ಟೇ ಹೇಳಬಲ್ಲೆ. ಬಾಡಿಗೆ, ವಿದ್ಯುತ್ತಿನ ಕನಿಷ್ಠ ಶುಲ್ಕ, ಅಡುಗೆಯವರ ಸಂಬಳ ಇವು ಗಿರಾಕಿ ಬಂದರೂ ಬಾರದಿದ್ದರೂ ಇರುವಂಥವು. ಹೆದ್ದಾರಿಯ ಯೋಜನಾ ವೆಚ್ಚದಲ್ಲಿ ಈ ನಷ್ಟಕ್ಕೆ ಯಾವ ಶೀರ್ಷಿಕೆಯೂ ಇಲ್ಲ. ಬೈಪಾಸಿನಿಂದ ಕೆಳಗಿಳಿದು ಊರೊಳಗೆ ಬರುವ ಒಂದೊಂದು ಕಾರೂ ಈ ಅಂಗಡಿಗಳಿಗೆ ಗಣನೀಯವೇ.

ಇನ್ನು ವಸಂತದ ಕಾರಣ. ಚನ್ನಪಟ್ಟಣ ದಾಟಿ ಮದ್ದೂರಿಗೆ ಹೋಗುವಾಗ ರುದ್ರಾಕ್ಷಿಪುರದ ಬಳಿ ಎಡಕ್ಕೆ ತಿರುಗಿದರೆ ಸುಮಾರು 12 ಕಿಲೋಮೀಟರ್ ದೂರದಲ್ಲಿ ಕೊಕ್ಕರೆ ಬೆಳ್ಳೂರು ಸಿಗುತ್ತದೆ. ಬೆಂಗಳೂರಿನಿಂದ ಒಟ್ಟು ದೂರ ಸುಮಾರು 80 ಕಿಲೋಮೀಟರ್. ಬೆಳಗ್ಗೆ ಆರಕ್ಕೆ ಹೊರಟರೆ ಬಿಸಿಲೇರುವ ಮೊದಲೇ ತಲುಪಬಹುದು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಇಲ್ಲಿ ಕಾಡಿನಲ್ಲಾಗಲಿ ಕೆರೆಯ ನಡುಗಡ್ಡೆಯಲ್ಲಾಗಲಿ ಗೂಡು ಕಟ್ಟುವುದಿಲ್ಲ. ಊರ ನಡುವಿನ ಹುಣಸೆ, ಅರಳಿ, ಅತ್ತಿ ಮರಗಳಲ್ಲಿ, ಮನೆಯ ಹೆಂಚಿನ ಮೇಲಕ್ಕೆ ಚಾಚಿದ ಕೊಂಬೆಗಳಲ್ಲಿ ಕಟ್ಟುತ್ತವೆ. ಚಳಿಗಾಲದಲ್ಲಿ ಬಂದ ಹಕ್ಕಿಗಳು ಮಾರ್ಚ್ ವೇಳೆಗೆ ಮರಿಗಳಿಗೆ ಗುಟುಕು ಕೊಡುತ್ತಿರುತ್ತವೆ. ತಾಯಿ ಹಕ್ಕಿ ಇಳಿದಾಗ ಗೂಡುಗಳಲ್ಲಿ ಏಳುವ ಗದ್ದಲ ನಮ್ಮ ಸಗಟು ಮಾರುಕಟ್ಟೆಯ ಹರಾಜನ್ನು ನೆನಪಿಸುತ್ತದೆ.

ಈ ಊರಿನ ಲೆಕ್ಕಾಚಾರ ನನಗೆ ಹಕ್ಕಿಗಳಷ್ಟೇ ಸ್ವಾರಸ್ಯಕರವೆನಿಸುತ್ತದೆ. ಮರಗಳು ಖಾಸಗಿಯವು, ಹುಣಸೆ ಮಾರಾಟದ ಬೆಳೆ. ಹುಣಸೆಹಣ್ಣು ಬಡಿಯುವ ಕಾಲವೂ ಮರಿಗಳ ಕಾಲವೂ ಒಂದೇ. ಮರ ಬಡಿದರೆ ಗೂಡು ಉಳಿಯದು, ಬಡಿಯದಿದ್ದರೆ ಆದಾಯವಿಲ್ಲ. ಫಸಲು ಕೊಯ್ಯದೆ ಬಿಟ್ಟುದಕ್ಕೆ ಅರಣ್ಯ ಇಲಾಖೆಯು ಮಾಲೀಕರಿಗೆ ಪರಿಹಾರ ಕೊಡುವ ವ್ಯವಸ್ಥೆ ಬಂದಿತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಮರದ ಬುಡದಲ್ಲಿ ಗುಂಡಿ ತೋಡಿ, ಬೀಳುವ ಹಿಕ್ಕೆಯನ್ನು ಕೆರೆಯ ಗೋಡಿನೊಡನೆ ಬೆರೆಸಿ ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುವ ರೂಢಿ ಅದಕ್ಕಿಂತ ಬಹಳ ಹಿಂದಿನದು. ಆದರೂ ಹಕ್ಕಿಗಳು ಉಳಿದದ್ದು ಪರಿಹಾರದ ಮೊತ್ತದಿಂದಲೇ ಎಂದು ನಾನು ಹೇಳಲಾರೆ. ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಭಾವಿಸುತ್ತಾರೆ. ಹೋಗುವವರು ಊರ ಬೀದಿಯಲ್ಲಿ ಹಾರನ್ ಮಾಡದಿರುವುದು, ಗೂಡಿನ ಕೆಳಗೆ ನಿಂತು ಚಪ್ಪಾಳೆ ತಟ್ಟದಿರುವುದು ಅಗತ್ಯ. ಮರದ ಕೆಳಗೆ ಟೋಪಿ ಧರಿಸುವುದು ವಿವೇಕ.

ಅಲ್ಲಿಂದ ಮದ್ದೂರು ಸಮೀಪ. ಕಳೆದ ಶತಮಾನದ ಆದಿಯಲ್ಲಿ ರೈಲು ನಿಲ್ದಾಣದಲ್ಲಿ ಹುಟ್ಟಿದ ಮದ್ದೂರು ವಡೆಯ ವಿಷಯ ಹೊಸದಾಗಿ ಹೇಳಬೇಕಾಗಿಲ್ಲ. ಹೆಚ್ಚಿನವರು ನೋಡದಿರುವುದು ಇಲ್ಲಿಯ ಎಳನೀರಿನ ಮಾರುಕಟ್ಟೆ. ಬೇಸಗೆ ಕಾಲಿಟ್ಟೊಡನೆ ಇಲ್ಲಿಂದ ಹೊರರಾಜ್ಯಗಳಿಗೆ ಲಾರಿಗಳು ಹೊರಡುತ್ತವೆ. ಬೇಗ ಕೆಡುವ ಸರಕಿನ ಬೆಲೆ ಹೇಗೆ ನಿಲ್ಲುತ್ತದೆಂಬುದನ್ನು ಕಣ್ಣಾರೆ ಕಾಣಬಹುದು.

ಹಿಂದಿರುಗುವಾಗ ಚನ್ನಪಟ್ಟಣದಲ್ಲಿ ಒಂದೆರಡು ಗಂಟೆ ಮೀಸಲಿಡಬೇಕು. ಅಂಗಡಿಯಲ್ಲಿ ಗೊಂಬೆ ಕೊಳ್ಳುವುದಕ್ಕೆ ಮೊದಲು ಮಾಲೀಕರನ್ನು ಕೇಳಿ ತಯಾರಿಕೆಯ ಘಟಕವೊಂದನ್ನು ನೋಡುವುದು ಒಳಿತು. ಆಲೆ ಮರದ ತುಂಡು ಕಡೆಯುವ ಯಂತ್ರದ ಮೇಲೆ ಸುತ್ತುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಒಣಗಿದ ಗರಿಯನ್ನು ಒತ್ತಿದೊಡನೆ ಹೊಳಪು ಬರುತ್ತದೆ. ಒಲೆಯಿಲ್ಲ, ಕುಂಚವಿಲ್ಲ, ಒಣಗುವವರೆಗೆ ಕಾಯುವುದೂ ಇಲ್ಲ. ಸಣ್ಣ ಕೈಗಾರಿಕೆಯ ಯಾವ ಸದಸ್ಯರಿಗಾದರೂ ಮೆಚ್ಚುಗೆಯಾಗುವ ಮಿತವ್ಯಯವಿದು. ಈ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. 2020ರಲ್ಲಿ ಆಟಿಕೆಗಳ ಆಮದು ಸುಂಕ ಶೇಕಡಾ 20ರಿಂದ 60ಕ್ಕೆ ಏರಿತು. 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾದಾಗ ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕದ ಸರಕಿಗೂ ವಿನಾಯಿತಿ ದೊರೆಯಿತು. ಇಷ್ಟೆಲ್ಲ ರಕ್ಷಣೆ ದೊರೆತ ಎರಡು ವರ್ಷಗಳಲ್ಲಿಯೇ ಗಿರಾಕಿಗಳ ದಾರಿ ಊರಾಚೆ ಹೋದದ್ದು ವಿಪರ್ಯಾಸ. ಕೊಳ್ಳುವಾಗ ಚೌಕಾಸಿ ಸ್ವಲ್ಪ ಕಡಿಮೆ ಮಾಡಿ. ಬಿಲ್ಲನ್ನು ಮಾತ್ರ ಕೇಳಿ ಪಡೆಯಿರಿ.

ಚನ್ನಪಟ್ಟಣ ಮತ್ತು ರಾಮನಗರದ ನಡುವೆ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಅಳತೆಯ ಸೇರು, ಬಳ್ಳ, ಏತ, ಕೂರಿಗೆಗಳನ್ನು ಮಕ್ಕಳಿಗೆ ತೋರಿಸಲು ತಕ್ಕ ಸ್ಥಳ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹರಾಜು ನೋಡಬೇಕೆನ್ನುವವರು ಕ್ರಮವನ್ನು ಬದಲಿಸಿ, ಕೆಲಸದ ದಿನದ ಬೆಳಗ್ಗೆ ಮೊದಲು ಅಲ್ಲಿಗೇ ಹೋಗಬೇಕಾಗುತ್ತದೆ.

ಖರ್ಚಿನ ಬಗ್ಗೆ ನನ್ನನ್ನು ಕೇಳುವವರು ಇದ್ದೇ ಇರುತ್ತಾರೆ. ಸ್ವಂತ ಕುಟುಂಬದ ಪ್ರವಾಸ ಸ್ವಂತ ಖರ್ಚು. ಅದನ್ನು ಮಾರಾಟ ಪ್ರವಾಸವೆಂದು ಬರೆಯುವ ಯೋಚನೆ ಬೇಡ. ಕಾರ್ಮಿಕರನ್ನು ಕರೆದೊಯ್ದರೆ ಸಿಬ್ಬಂದಿ ಕಲ್ಯಾಣ ವೆಚ್ಚವೆಂದು ತೋರಿಸಬಹುದು. ಬಾಡಿಗೆ ಕಾರು ಮತ್ತು ಊಟದ ಮೇಲಿನ ಜಿಎಸ್‌ಟಿ ಜಮೆ ಸಾಮಾನ್ಯವಾಗಿ ದೊರೆಯದು. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ವೆಚ್ಚ ಆದಾಯ ತೆರಿಗೆಯಲ್ಲಿ ಒಪ್ಪಿತವಾಗದು. ಆದುದರಿಂದ ಬಸ್ಸಿನ ಬಾಡಿಗೆಯನ್ನು ಬ್ಯಾಂಕಿನ ಮೂಲಕವೇ ಪಾವತಿಸತಕ್ಕದ್ದು.

ದ್ವಿಚಕ್ರ ವಾಹನಗಳಿಗೆ 2023ರ ಆಗಸ್ಟ್‌ನಿಂದ ಹೆದ್ದಾರಿಯ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಅವರಿಗೆ ಹಳೆಯ ರಸ್ತೆಯೇ ಗತಿ. ಕಾರಿನವರು ಸಂಜೆ ಐದಕ್ಕೆ ಮೊದಲು ಬಿಡದಿ ತಲುಪಿ, ತಟ್ಟೆ ಇಡ್ಲಿಯ ಶಾಸ್ತ್ರ ಮುಗಿಸಿ ಹೊರಟರೆ ಕೆಂಗೇರಿಯ ದಟ್ಟಣೆಗೆ ಮೊದಲೇ ಊರು ಸೇರಬಹುದು.