ನಿಮಗಿದು ಗೊತ್ತೆ? ಅತ್ತಿ ಅರಳುವುದು ‘ಕಾಯಿ’ಯೊಳಗೆ!

ಅತ್ತಿ ಮರದ ಹೂವನ್ನು ಯಾರೂ ಕೊಂಬೆಯಲ್ಲಿ ಕಂಡಿಲ್ಲ. ನಾವು ಕಾಯಿ ಎನ್ನುವುದೇ ಅದರ ಹೂಗೊಂಚಲು. ಸಾವಿರಾರು ಪುಟಾಣಿ ಹೂಗಳು ಅದರೊಳಗೆ, ಒಳಮುಖವಾಗಿ ಅರಳುತ್ತವೆ. ಗಾಳಿಗೂ ಜೇನ್ನೊಣಕ್ಕೂ ಅಲ್ಲಿ ಪ್ರವೇಶವಿಲ್ಲ.

ಪರಾಗ ಹೊತ್ತು ಒಳನುಗ್ಗುವುದು ಒಂದು ಕಿರು ಕಣಜ. ಕಾಯಿಯ ತುದಿಯ ರಂಧ್ರ ಎಷ್ಟು ಇಕ್ಕಟ್ಟೆಂದರೆ, ನುಸುಳುವಾಗ ಹೆಣ್ಣು ಕಣಜದ ರೆಕ್ಕೆಗಳು ಸಾಮಾನ್ಯವಾಗಿ ಕಿತ್ತುಹೋಗುತ್ತವೆ. ಆದರೂ ಅದು ಎದೆಯ ಚೀಲಗಳಲ್ಲಿ ತಂದ ಪರಾಗವನ್ನು ಹೂಗಳಿಗೆ ಹಚ್ಚುತ್ತದೆ. ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ.

ಮುಂದಿನ ಪೀಳಿಗೆಯದು ಇನ್ನೂ ವಿಚಿತ್ರ. ಮೊದಲು ಹೊರಬರುವ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಹೆಣ್ಣುಗಳೊಡನೆ ಕೂಡಿ, ಕಾಯಿಯ ಗೋಡೆ ಕೊರೆದು ದಾರಿ ಮಾಡಿಕೊಟ್ಟು ಅವು ಸಾಯುತ್ತವೆ. ಆ ಹೊತ್ತಿಗೆ ಸರಿಯಾಗಿ ಗಂಡುಹೂಗಳು ಮಾಗಿರುತ್ತವೆ. ಎಂಥ ಹೊಂದಾಣಿಕೆ! ಹೆಣ್ಣುಗಳು ಪರಾಗ ತುಂಬಿಕೊಂಡು ಬೇರೆ ಅತ್ತಿ ಮರ ಹುಡುಕಿ ಹಾರುತ್ತವೆ. ಅವುಗಳ ಆಯಸ್ಸು ಒಂದೆರಡು ದಿನವಷ್ಟೆ.

ಆಲ, ಅರಳಿ, ಬಸರಿಗೂ ತಮ್ಮತಮ್ಮದೇ ಕಣಜಗಳಿವೆ. ಕಣಜ ಬಾರದಿದ್ದರೆ ಬೀಜ ಕಟ್ಟದು. ಇದೇ ಕುಲದ ಅಂಜೂರದ ಹಲವು ತೋಟದ ತಳಿಗಳು ಮಾತ್ರ ಕಣಜದ ನೆರವಿಲ್ಲದೆ ಹಣ್ಣಾಗುತ್ತವೆ.