ನಗೆ ಯಾರ ಮೇಲೆ? ಅಂಗವೈಕಲ್ಯದ ಬೈಗುಳ ಮತ್ತು ಗಡಿನಾಡಿನ ಕನ್ನಡ

2024ರ ಜುಲೈ 8ರಂದು ಸರ್ವೋಚ್ಚ ನ್ಯಾಯಾಲಯವು ಒಂದು ಹಿಂದಿ ಚಲನಚಿತ್ರಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ ತೀರ್ಪು ನೀಡಿತು. 2023ರ ನವೆಂಬರಿನಲ್ಲಿ ತೆರೆಕಂಡ ಆ ಚಿತ್ರದ ಹೆಸರು ‘ಆಂಖ್ ಮಿಚೋಲಿ’, ಕನ್ನಡದಲ್ಲಿ ಹೇಳುವುದಾದರೆ ಕಣ್ಣಾಮುಚ್ಚಾಲೆ. ಮರೆವಿನ ಕಾಯಿಲೆಯ ತಂದೆಯನ್ನು ‘ಭುಲಕ್ಕಡ್ ಬಾಪ್’ ಎಂದೂ, ಕಿವಿ ಕೇಳದವನನ್ನು ‘ಸೌಂಡ್ ಪ್ರೂಫ್’ ಎಂದೂ, ಮಾತು ತಡೆಯುವವನನ್ನು ಸಿಕ್ಕಿಹಾಕಿಕೊಂಡ ಕ್ಯಾಸೆಟ್ ಎಂದೂ ಕರೆದು ನಗಿಸುವುದು ಅದರ ಧಾಟಿಯಾಗಿತ್ತು. ಸ್ವತಃ ಗಾಲಿಕುರ್ಚಿ ಬಳಸುವ, ಅಂಗವಿಕಲರ ಹಕ್ಕುಗಳಿಗಾಗಿ ದುಡಿಯುವ ನಿಪುಣ್ ಮಲ್ಹೋತ್ರ ಇದನ್ನು ಪ್ರಶ್ನಿಸಿದರು. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಜೆ.ಬಿ. ಪರ್ದೀವಾಲಾ ಅವರ ಪೀಠವು ಚಿತ್ರಕ್ಕೆ ಕತ್ತರಿ ಹಾಕಲಿಲ್ಲ. ಸೆನ್ಸಾರ್ ಮಂಡಳಿ ಒಪ್ಪಿದ ಕೃತಿಯಲ್ಲಿ ಕೈಯಾಡಿಸಲು ನಿರಾಕರಿಸಿತು. ಆದರೆ ಹಾಸ್ಯವನ್ನು ಎರಡಾಗಿ ಒಡೆದು ನೋಡಿತು. ವೈಕಲ್ಯವುಳ್ಳವರನ್ನು ಕುಗ್ಗಿಸುವ ಹಾಸ್ಯ ಒಂದು. ವೈಕಲ್ಯವನ್ನು ಕುರಿತ ರೂಢಿಯ ತಿಳಿವಳಿಕೆಯನ್ನೇ ಕೆಣಕುವ ಹಾಸ್ಯ ಮತ್ತೊಂದು. ಮೊದಲನೆಯದನ್ನು ದೂರಬೇಕೆಂದು ಹೊರಟವರು ಎರಡನೆಯದನ್ನೂ ಕಳೆದುಕೊಳ್ಳಬಾರದು ಎಂಬ ಎಚ್ಚರ ಈ ವಿಂಗಡಣೆಯಲ್ಲಿದೆ.

ತೀರ್ಪಿನ ಇನ್ನೊಂದು ಭಾಗ ಪದಗಳನ್ನು ಕುರಿತದ್ದು. ಇಂಗ್ಲಿಷಿನ ‘ಕ್ರಿಪಲ್’, ‘ಸ್ಪಾಸ್ಟಿಕ್’ ಮೊದಲಾದವು ಸಮಾಜದಲ್ಲಿ ಹೀನಾರ್ಥ ಪಡೆದಿರುವುದರಿಂದ ಅವನ್ನು ಬಿಡಬೇಕು. ‘ಪೀಡಿತ’, ‘ನರಳುವ’, ‘ಬಲಿಪಶು’ ಎಂಬಂಥ ಮಾತುಗಳು ತೊಂದರೆಯನ್ನೆಲ್ಲ ವ್ಯಕ್ತಿಯ ದೇಹದೊಳಗೇ ಇಟ್ಟು ಸಮಾಜ ಒಡ್ಡಿರುವ ಅಡೆತಡೆಗಳನ್ನು ಮರೆಮಾಡುವುದರಿಂದ ಅವುಗಳಿಂದಲೂ ದೂರವಿರಬೇಕು ಎಂದಿತು. ಈ ಎರಡನೆಯ ಸಲಹೆ ಕಾಸರಗೋಡಿನ ಕನ್ನಡ ಪ್ರದೇಶದಲ್ಲಿ ಒಂದು ಕಠಿಣ ಪ್ರಶ್ನೆಯನ್ನು ಎಬ್ಬಿಸುತ್ತದೆ. ಅದಕ್ಕೆ ಬರುವ ಮೊದಲು ಪದಗಳ ನಡೆಯನ್ನು ಸ್ವಲ್ಪ ನೋಡಬೇಕು.

ಕಾನೂನು ಸ್ಪಷ್ಟವಾಗಿಯೇ ಇದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 92ನೆಯ ಪ್ರಕರಣದಂತೆ, ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ ಅಂಗವಿಕಲರನ್ನು ಅವಮಾನಿಸುವ ಉದ್ದೇಶದಿಂದ ಬೈಯುವುದಕ್ಕೆ ಆರು ತಿಂಗಳಿಂದ ಐದು ವರ್ಷಗಳವರೆಗೆ ಸೆರೆವಾಸವಿದೆ. ‘ಉದ್ದೇಶ’ ಎಂಬ ಮಾತಿನಲ್ಲಿಯೇ ಹಾಸ್ಯಗಾರನಿಗೆ ತಪ್ಪಿಸಿಕೊಳ್ಳುವ ದಾರಿಯೂ ಇದೆ. ನಗಿಸುವುದಷ್ಟೇ ತನ್ನ ಉದ್ದೇಶವಾಗಿತ್ತೆಂದು ಅವನು ಹೇಳಬಲ್ಲ. 2025ರ ಆಗಸ್ಟಿನಲ್ಲಿ ಐವರು ಹಾಸ್ಯಗಾರರು ತಮ್ಮ ಯೂಟ್ಯೂಬ್ ವಾಹಿನಿಗಳಲ್ಲಿಯೇ ಕ್ಷಮೆ ಕೇಳಬೇಕೆಂದು ಸರ್ವೋಚ್ಚ ನ್ಯಾಯಾಲಯ ಸೂಚಿಸಿತು. ಬೆನ್ನುಹುರಿಯ ಸ್ನಾಯುಕ್ಷಯದಿಂದ ಬಳಲುವ ಮಕ್ಕಳ ಪರವಾದ ಸಂಸ್ಥೆಯೊಂದು ದೂರು ತಂದಿತ್ತು. ಅದೇ ವರ್ಷದ ನವೆಂಬರಿನಲ್ಲಿ, ಆ ಕಾಯಿಲೆಯ ಚಿಕಿತ್ಸೆಗೆ ಹಣ ಕೂಡಿಸುವ ಕಾರ್ಯಕ್ರಮಗಳನ್ನು ಅವರು ನಡೆಸಬೇಕೆಂಬ ನಿರ್ದೇಶನ ಬಂತು. ನಗೆಗೆ ವಸ್ತುವಾದವರು ಈಗ ಅದೇ ವೇದಿಕೆಯಲ್ಲಿ ಕರುಣೆಗೆ ವಸ್ತುವಾಗುವ ಅಪಾಯ ಈ ಪರಿಹಾರದಲ್ಲಿದೆ. ಮೈಕು ಆಗಲೂ ಈಗಲೂ ಹಾಸ್ಯಗಾರನ ಕೈಯಲ್ಲಿಯೇ ಇದೆ.

ಬೈಗುಳದ ತೂಕ ಗಡಿ ದಾಟಿದೊಡನೆ ಬದಲಾಗುತ್ತದೆ. ಗಡಿನಾಡಿನ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲವಾದರೂ ಹೊರಗಿನ ಒಂದು ಉದಾಹರಣೆ ಉಪಯುಕ್ತ. ಅಮೆರಿಕದ ಗಾಯಕಿ ಲಿಜೊ 2022ರ ಜೂನಿನಲ್ಲಿ ಹೊರತಂದ ಹಾಡೊಂದರಲ್ಲಿ ‘ಸ್ಪಾಜ್’ ಎಂಬ ಪದವಿತ್ತು. ಅಮೆರಿಕದಲ್ಲಿ ಅದು ‘ಹಿಡಿತ ತಪ್ಪುವುದು’ ಎಂಬಷ್ಟೇ ಅರ್ಥದ ಆಡುಮಾತು. ಬ್ರಿಟನ್ ಮತ್ತು ಆಸ್ಟ್ರೇಲಿಯಗಳಲ್ಲಿ ಸೆರೆಬ್ರಲ್ ಪಾಲ್ಸಿ ಇರುವವರ ಮೇಲೆ ಎಸೆಯುವ ಕಲ್ಲು. ಆಸ್ಟ್ರೇಲಿಯದ ಹೋರಾಟಗಾರ್ತಿ ಹ್ಯಾನಾ ಡಿವೈನಿ ಆಕ್ಷೇಪಿಸಿದ ಕೆಲವೇ ದಿನಗಳಲ್ಲಿ ಸಾಲು ಬದಲಾಯಿತು. ಎರಡು ತಿಂಗಳ ನಂತರ ಬಿಯಾನ್ಸೆಯ ಹಾಡಿನಲ್ಲಿ ಅದೇ ಪದ ಮತ್ತೆ ಬಂದು ಮತ್ತೆ ಹೋಯಿತು. ಆ ಪದದ ಮೂಲವಾದ ‘ಸ್ಪಾಸ್ಟಿಕ್’ ಬ್ರಿಟನ್ನಿನಲ್ಲಿ ಎಷ್ಟು ಹೊಲಸಾಯಿತೆಂದರೆ ಅಲ್ಲಿಯ ಸ್ಪಾಸ್ಟಿಕ್ಸ್ ಸೊಸೈಟಿ 1994ರಲ್ಲಿ ತನ್ನ ಹೆಸರನ್ನು ‘ಸ್ಕೋಪ್’ ಎಂದು ಬದಲಾಯಿಸಿಕೊಂಡಿತು. ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಮಾತ್ರ ದಶಕಗಳ ಕಾಲ ಅದೇ ಹೆಸರಿನಲ್ಲಿ ಗೌರವದಿಂದ ಕೆಲಸ ಮಾಡುತ್ತ ಬಂದಿದೆ. ಇಲ್ಲಿ ಆ ಪದ ಆಸ್ಪತ್ರೆಯಿಂದ ಬೀದಿಗೆ ಇಳಿಯಲೇ ಇಲ್ಲ.

ಸದುದ್ದೇಶವೂ ಬೈಗುಳವಾಗಬಲ್ಲದು. 1981ರಲ್ಲಿ ಬ್ರಿಟನ್ನಿನ ಮಕ್ಕಳ ದೂರದರ್ಶನ ಕಾರ್ಯಕ್ರಮವೊಂದು ತೀವ್ರ ವೈಕಲ್ಯವಿದ್ದ ಜೋಯಿ ಡೀಕನ್ ಎಂಬವರನ್ನು ಮಕ್ಕಳಲ್ಲಿ ಸಹಾನುಭೂತಿ ಬೆಳೆಯಲೆಂದು ಪರಿಚಯಿಸಿತು. ಶಾಲೆಯ ಅಂಗಳಗಳಲ್ಲಿ ‘ಜೋಯಿ’ ಎಂಬುದೇ ಹೀಯಾಳಿಕೆಯ ಹೆಸರಾಯಿತು. ಪದವನ್ನು ಬದಲಾಯಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿದ ಇಲಾಖೆಗಳು ಈ ಘಟನೆಯನ್ನು ಗೋಡೆಯ ಮೇಲೆ ಬರೆದು ಅಂಟಿಸಿಕೊಳ್ಳಬಹುದು.

ಕನ್ನಡದಲ್ಲಿ ಬೈಗುಳ ಎಲ್ಲಿ ಅಡಗಿದೆ? ಬಹುಮಟ್ಟಿಗೆ ಏಕವಚನದಲ್ಲಿ. ಕುಂಟ, ಕುರುಡ, ಕಿವುಡ, ಮೂಗ, ಗೂನ ಎಂಬ ರೂಪಗಳು ಗೌರವದ ಪ್ರತ್ಯಯವನ್ನು ಕಳೆದುಕೊಂಡವು. ಸಂಬೋಧನೆಯಲ್ಲಿ ಕೊನೆಯ ಸ್ವರ ಎಳೆದಾಗ ಮೊನೆ ಇನ್ನೂ ಹರಿತವಾಗುತ್ತದೆ. ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಒಬ್ಬನ ಹೆಸರಿನ ಹಿಂದೆ ‘ಕುಂಟ’ ಎಂದು ಸೇರಿಸಿ ಗುರುತಿಸುವ ರೂಢಿಯಲ್ಲಿ ಬೈಯುವ ಇರಾದೆ ಇಲ್ಲದಿರಬಹುದು, ಆದರೆ ಆ ಹೆಸರನ್ನು ಅವನು ಆರಿಸಿಕೊಂಡದ್ದಲ್ಲ. ಇದಕ್ಕೆ ಕನ್ನಡದ ವಿದ್ಯಾವಂತ ಸಮಾಜ ಕಂಡುಕೊಂಡ ಪರಿಹಾರ ಸಂಸ್ಕೃತಕ್ಕೆ ಹೋಗುವುದು: ಕುರುಡರು ‘ಅಂಧ’ರಾದರು, ಕಿವುಡರು ‘ಶ್ರವಣದೋಷವುಳ್ಳವರು’ ಆದರು. ಅರ್ಥ ಅದೇ, ದೇಸಿ ಪದ ಅವಮಾನಕ್ಕೆ, ತತ್ಸಮ ಪದ ಮರ್ಯಾದೆಗೆ ಎಂಬ ಹಂಚಿಕೆ ಮಾತ್ರ ಹೊಸದು. ಸ್ವಂತ ನುಡಿಯ ಪದಗಳನ್ನೇ ಬೈಗುಳಕ್ಕೆ ಬಿಟ್ಟುಕೊಡುವ ಈ ವ್ಯವಸ್ಥೆ, ನುಡಿಗಾಗಿ ಹೋರಾಡುವ ಅಲ್ಪಸಂಖ್ಯಾತರಿಗೆ ಸ್ವಲ್ಪ ಇರುಸುಮುರುಸು ತರಬೇಕಾದದ್ದು.

ಇನ್ನು ರೂಪಕಗಳು. ಕುಂಟುನೆಪ, ಜಾಣಕುರುಡು, ಜಾಣಕಿವುಡು ಎಂಬಿವು ಪತ್ರಿಕೆಗಳ ದಿನಬಳಕೆಯ ಮಾತುಗಳು. ‘ಕುಂಟನಿಗೆ ಎಂಟು ಚೇಷ್ಟೆ’ ಎಂಬುದು ಗಾದೆ. ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ 1944ರಿಂದ ಹನ್ನೆರಡು ವರ್ಷ ಕನ್ನಡ ಕಲಿಸಿದ ಬೇಂದ್ರೆಯವರ ‘ಕುರುಡು ಕಾಂಚಾಣ’ವಂತೂ ಕನ್ನಡಿಗರ ನಾಲಗೆಯ ಮೇಲಿರುವ ಕವಿತೆ. ಇಲ್ಲಿ ಕುರುಡುತನ ಯಾವ ಮನುಷ್ಯನದೂ ಅಲ್ಲ, ಹಣದ್ದು. ಇವೆಲ್ಲವನ್ನೂ ಬೈಗುಳದ ಪಟ್ಟಿಗೆ ಸೇರಿಸಿದರೆ ಭಾಷೆಯೇ ಮೂಕವಾದೀತು ಎಂದು ಬರೆಯಹೊರಟರೆ, ಆ ವಾಕ್ಯದಲ್ಲೂ ಒಂದು ರೂಪಕ ನುಸುಳಿರುತ್ತದೆ. ರೂಪಕಕ್ಕೂ ಬೈಗುಳಕ್ಕೂ ವ್ಯತ್ಯಾಸವಿದೆ. ಎದುರಿಗೆ ಒಬ್ಬ ಮನುಷ್ಯ ನಿಂತಿದ್ದಾನೆಯೇ ಎಂಬುದೇ ಆ ವ್ಯತ್ಯಾಸ.

ಆಡಳಿತದ ಪದಗಳಲ್ಲಿ ಗಡಿನಾಡಿನ ಅನುಭವ ಒಳನಾಡಿನದಕ್ಕಿಂತ ಬೇರೆ. ಒಂದೇ ಕನ್ನಡವಾಡುವ ಜನ ಐದಾರು ಸರ್ಕಾರಗಳ ಬಾಯಲ್ಲಿ ಐದಾರು ಹೆಸರು ಪಡೆದಿದ್ದಾರೆ. ತಾಳವಾಡಿಯಲ್ಲಿ ಅವರು ‘ಮಾಟ್ರುತ್ತಿರನಾಳಿ’, ಬದಲಿ ಸಾಮರ್ಥ್ಯದವರು. ಅದಕ್ಕೆ ಮೊದಲು ಅಲ್ಲಿದ್ದದ್ದು ‘ಊನ’ವನ್ನೇ ಮುಂದಿಟ್ಟ ಪದ. ಜತ್ತ, ಅಕ್ಕಲಕೋಟೆಗಳಲ್ಲಿ ನಿನ್ನೆಯ ‘ಅಪಂಗ’ರು ಇಂದು ‘ದಿವ್ಯಾಂಗ’ರು. ಆದೋನಿ, ಮಡಕಶಿರಾಗಳಲ್ಲಿ ‘ವಿಭಿನ್ನ ಪ್ರತಿಭಾವಂತುಲು’ ಎಂಬ ಇಲಾಖೆಯ ಫಲಕವಿದೆ. 2015ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿಗಳು ತಮ್ಮ ಆಕಾಶವಾಣಿ ಭಾಷಣದಲ್ಲಿ ಸೂಚಿಸಿದ ‘ದಿವ್ಯಾಂಗ’ ಪದವನ್ನು ಅಂಗವಿಕಲರ ಹಲವು ಸಂಘಟನೆಗಳು ಆಗಲೇ ವಿರೋಧಿಸಿದ್ದವು. ದೈವತ್ವ ಬೇಡ, ಇಳಿಜಾರು ಮೆಟ್ಟಿಲು ಸಾಕು ಎಂಬುದು ಆ ವಿರೋಧದ ತಿರುಳು. ಕರ್ನಾಟಕದ ‘ವಿಕಲಚೇತನ’ವೂ ಪ್ರಶ್ನಾತೀತವಲ್ಲ. ‘ಅಂಗವಿಕಲ’ದಲ್ಲಿ ಊನ ಅಂಗಕ್ಕಿತ್ತು, ಸಮಾಸವನ್ನು ಬಿಡಿಸಿ ನೋಡಿದರೆ ‘ವಿಕಲಚೇತನ’ದಲ್ಲಿ ಅದು ಚೇತನಕ್ಕೇ ತಗಲಿದೆ!

ಎಲ್ಲಕ್ಕಿಂತ ವಿಚಿತ್ರವಾದದ್ದು ಕಾಸರಗೋಡಿನ ಸಂದರ್ಭ. ಮಲಯಾಳದ ‘ಭಿನ್ನಶೇಷಿ’ ಎಂದರೆ ಬೇರೆ ಬಗೆಯ ಸಾಮರ್ಥ್ಯ. ಆ ನುಡಿಯಲ್ಲಿ ‘ಶೇಷಿ’ ಎಂದರೆ ಶಕ್ತಿ. ಕನ್ನಡದ ಕಿವಿಗೆ ‘ಶೇಷ’ ಉಳಿದದ್ದು, ‘ಭಿನ್ನ’ ಒಡೆದದ್ದು; ಭಿನ್ನವಾದ ವಿಗ್ರಹವನ್ನು ಪೂಜೆಗಿಡುವುದಿಲ್ಲ. ಗೌರವಕ್ಕೆಂದು ಕಟ್ಟಿದ ಪದ ಪಕ್ಕದ ಮನೆಯಲ್ಲಿ ಒಡೆದುಳಿದ ಚೂರೆಂದು ಕೇಳಿಸುತ್ತದೆ. ಇದು ಯಾರ ತಪ್ಪೂ ಅಲ್ಲ. ಆದರೆ ಅರ್ಜಿ ನಮೂನೆಯನ್ನು ಲಿಪಿ ಬದಲಿಸಿ ಕನ್ನಡವಾಯಿತೆಂದು ಕೊಡುವ ಅಭ್ಯಾಸ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಇದು ಸಾಕ್ಷಿ.

ರಂಗದ ಮೇಲಿನ ನಗೆಗೆ ಬಂದರೆ, ಕಿವುಡನ ತಪ್ಪುಕೇಳಿಕೆ, ತೊದಲನ ತಡವರಿಕೆ, ಕುಂಟನ ನಡಿಗೆ ಇವು ಗಡಿಯ ಎರಡೂ ಕಡೆಯ ಜನಪ್ರಿಯ ರಂಗಭೂಮಿಯ ಹಳೆಯ ಬಂಡವಾಳ. ಯಕ್ಷಗಾನದಲ್ಲಿ ಮಾತು ಆಶುವಾದದ್ದು. ಬರೆದಿಟ್ಟ ಪಠ್ಯವನ್ನು ಬದಲಿಸುವ ಕಷ್ಟ ಅಲ್ಲಿಲ್ಲ. ಚೌಕಿಯಲ್ಲಿ ಹಿರಿಯರೊಬ್ಬರು ಆಡಿದ ಒಂದು ಮಾತಿನಿಂದ ಮರುರಾತ್ರಿಯ ಹಾಸ್ಯ ಬೇರೆಯಾಗಬಹುದು. ನ್ಯಾಯಾಲಯಕ್ಕಿಂತ ಇದು ಚಿಕ್ಕ ದಾರಿ, ಆದರೆ ಅಲ್ಲಿ ಆಕ್ಷೇಪಿಸುವವನು ಸಭೆಯಲ್ಲಿ ಕುಳಿತಿರಬೇಕು, ಸಭೆಯವರೆಗೆ ಬರಲು ಅವನಿಗೆ ಸಾಧ್ಯವಾಗಬೇಕು.

ಮಯಸಭೆಯಲ್ಲಿ ಬಿದ್ದ ಕೌರವನನ್ನು ಕಂಡು ದ್ರೌಪದಿ ‘ಕುರುಡನ ಮಗ ಕುರುಡ’ ಎಂದಳೆಂಬ ಕಥೆ ಎಲ್ಲರಿಗೂ ಗೊತ್ತು. ವ್ಯಾಸಭಾರತದ ಸಂಶೋಧಿತ ಪಾಠದಲ್ಲಿ ಅವಳು ಆ ಮಾತನ್ನು ಆಡುವುದಿಲ್ಲ. ಒಂದು ಕುಲನಾಶಕ್ಕೆ ಕಾರಣ ಬೇಕಾದಾಗ ಜನಮನಸ್ಸು ಹುಡುಕಿಕೊಂಡದ್ದು ಒಂದು ವೈಕಲ್ಯದ ಬೈಗುಳವನ್ನು, ಅದನ್ನಿಟ್ಟದ್ದು ಒಬ್ಬ ಹೆಣ್ಣಿನ ಬಾಯಲ್ಲಿ. ಅಂಥ ಮಾತು ಎಷ್ಟು ಆಳವಾಗಿ ನಾಟುತ್ತದೆಂಬುದು ನಮ್ಮ ಕಥನಪರಂಪರೆಗೆ ಚೆನ್ನಾಗಿ ತಿಳಿದಿತ್ತು. ಅಷ್ಟಾವಕ್ರನ ಜನಪ್ರಿಯ ಕಥೆ ಇನ್ನೂ ಕಸಿವಿಸಿಯದು. ತನ್ನ ಡೊಂಕು ದೇಹವನ್ನು ಕಂಡು ನಕ್ಕ ಜನಕನ ಸಭೆಯ ಪಂಡಿತರನ್ನು ಅವನು ತೊಗಲು ನೋಡಿ ಬೆಲೆಕಟ್ಟುವ ಚಮ್ಮಾರರೆಂದು ಜರೆಯುತ್ತಾನೆ. ಒಂದು ಅವಮಾನಕ್ಕೆ ಉತ್ತರವಾಗಿ, ಸಭೆಯಲ್ಲೇ ಇಲ್ಲದ ಇನ್ನೊಂದು ಸಮುದಾಯ ಪೆಟ್ಟು ತಿನ್ನುತ್ತದೆ. ಪ್ರವಚನಗಳಲ್ಲಿ ಇದಕ್ಕೆ ಇಂದಿಗೂ ಚಪ್ಪಾಳೆ ಬೀಳುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವಂಥದು ಕಣ್ಣೂರು ಮತ್ತು ಕಾಸರಗೋಡಿನ ಪೊಟ್ಟನ್ ತೆಯ್ಯಂ. ಮಲಯಾಳದ ‘ಪೊಟ್ಟನ್’ ಎಂದರೆ ಕಿವುಡ, ದಡ್ಡ. ಕರಾವಳಿಯ ತುಳು ಕನ್ನಡಗಳ ‘ಪೊಟ್ಟ’ ಇದರ ನೆಂಟ. ಆ ಹೆಸರನ್ನು ಹೊತ್ತ ದೈವ ಚಂಡಾಲನ ವೇಷದ ಶಿವ. ದಾರಿ ಬಿಡೆಂದ ಶಂಕರಾಚಾರ್ಯರನ್ನು ಅವನು ಅಡ್ಡ ಪ್ರಶ್ನೆಗಳಿಂದ, ಕುಚೋದ್ಯದಿಂದ ಸೋಲಿಸುತ್ತಾನೆ. ಕೆಂಡದ ರಾಶಿಯ ಮೇಲೆ ಒರಗಿ ಚಳಿಯಾಗುತ್ತಿದೆ ಎನ್ನುತ್ತಾನೆ. ಇಲ್ಲಿ ಬೈಗುಳದ ಪದವೇ ಹೆಸರು, ನಗೆಯೂ ತುಂಬ ಇದೆ, ಆದರೆ ನಗೆಗೀಡಾಗುವವನು ಪೊಟ್ಟನಲ್ಲ. ನ್ಯಾಯಾಲಯದ ಎರಡನೆಯ ಬಗೆಯ ಹಾಸ್ಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಪದವನ್ನು ತನ್ನದಾಗಿಸಿಕೊಂಡ ಇನ್ನೊಂದು ಸಮುದಾಯ ಹೆಳವರದು. ‘ಹೆಳವ’ ಎಂದರೆ ಕಾಲಿಲ್ಲದವ. ಕಾಲಿಲ್ಲದ ಮೂಲಪುರುಷ ಎತ್ತನ್ನೇರಿ ಹೊರಟನೆಂಬ ಐತಿಹ್ಯವನ್ನು ಹೊತ್ತು, ಉತ್ತರ ಕರ್ನಾಟಕದಲ್ಲೂ ಅದಕ್ಕೆ ಹೊಂದಿದ ಮಹಾರಾಷ್ಟ್ರದ ಊರುಗಳಲ್ಲೂ ಮನೆತನಗಳ ವಂಶಾವಳಿಯನ್ನು ಹಾಡಿ ಹೇಳುವವರು ಇವರು. ಪರರ ಮನೆತನದ ನೆನಪನ್ನು ಕಾಯುವವರ ಹೆಸರಾದಾಗ ಆ ಪದದಲ್ಲಿ ಹೀನಾರ್ಥಕ್ಕೆ ಎಡೆಯಿಲ್ಲ. ಸಿನಿಮಾದಲ್ಲಿ ದ್ವಾರಕೀಶ್ ತಮ್ಮ ಎತ್ತರವನ್ನು ತಾವೇ ಶೀರ್ಷಿಕೆಗೆ ಏರಿಸಿಕೊಂಡರು. ‘ಕುಳ್ಳ ಏಜೆಂಟ್ 000’ 1972ರದು. ಅವರು ನಟರಷ್ಟೇ ಅಲ್ಲ, ನಿರ್ಮಾಪಕರೂ ಹೌದು. ನಗೆಯ ಹಣ ಯಾರ ಜೇಬಿಗೆ ಹೋಗುತ್ತದೆಂಬುದೂ ಒಂದು ವ್ಯತ್ಯಾಸವೇ.

ಇನ್ನು ಎಣ್ಮಕಜೆ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದರಿಂದ ಬಾಧಿತವಾದ ಊರುಗಳಲ್ಲಿ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಗಳಂಥ ಕನ್ನಡ ತುಳು ಪಂಚಾಯತುಗಳಿವೆ. ಪಡ್ರೆಯ ಸುತ್ತಮುತ್ತ ಈ ಕಾಯಿಲೆಗಳನ್ನು ಮೊದಲಿಗೆ ಜಟಾಧಾರಿ ದೈವದ ಮುನಿಸೆಂದು ನಂಬಿದವರಿದ್ದರು. ಮಲಯಾಳದ ಆಡಳಿತ ಅವರನ್ನು ‘ದುರಿತಬಾಧಿತರು’ ಎಂದು ಕರೆಯುತ್ತದೆ. ಅಲ್ಲಿ ‘ದುರಿತ’ ಸಂಕಟ. ಕನ್ನಡದಲ್ಲಿ ಅದು ಮುಖ್ಯವಾಗಿ ಪಾಪ. ಕೀಟನಾಶಕದಿಂದ ಬಂದದ್ದೆಂದು ವರ್ಷಗಟ್ಟಲೆ ಹೋರಾಡಿ ಸಾಧಿಸಿದ ಮೇಲೂ ಪದದ ಹಿಂಬಾಗಿಲಿನಿಂದ ಹಳೆಯ ದೈವಕೋಪ ಒಳಬರುತ್ತದೆ.

ನ್ಯಾಯಾಲಯದ ಸಲಹೆ ತೊಡಕಾಗುವುದು ಇಲ್ಲಿಯೇ. ‘ಪೀಡಿತ’, ‘ಬಲಿ’ ಎಂಬ ಮಾತುಗಳನ್ನು ಬಿಡಬೇಕೆಂಬುದು ಸಾಮಾನ್ಯವಾಗಿ ಸರಿಯಾದ ಮಾತು. ಆದರೆ ‘ಸಂತ್ರಸ್ತ’ ಎಂಬ ಪದದ ಮೇಲೆಯೇ ಈ ಜನರ ಹಕ್ಕು ನಿಂತಿದೆ. ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ವಿಧಿಸಿದ 5 ಲಕ್ಷ ರೂಪಾಯಿ ಪರಿಹಾರ. ಅದು ಬಹುಪಾಲು ಜನರಿಗೆ ತಲುಪಿಲ್ಲವೆಂದು 2022ರಲ್ಲಿ ಅದೇ ನ್ಯಾಯಾಲಯ ಕೇರಳ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಇವರನ್ನು ‘ಭಿನ್ನ ಸಾಮರ್ಥ್ಯದವರು’ ಎಂದು ಮೃದುವಾಗಿ ಕರೆದೊಡನೆ ವಿಷ ಸಿಂಪಡಿಸಿದವರು ವಾಕ್ಯದಿಂದ ಕಾಣೆಯಾಗುತ್ತಾರೆ. ಕೇರಳದ 1969ರ ಅಧಿಕೃತ ಭಾಷಾ ಅಧಿನಿಯಮ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ಕನ್ನಡದಲ್ಲೇ ವ್ಯವಹರಿಸುವ ಅವಕಾಶ ಕೊಟ್ಟಿದೆ. ಆ ಅವಕಾಶದಲ್ಲಿ ಬರೆಯುವ ಅರ್ಜಿಗೆ ಬೆಂಗಳೂರಿನ ‘ವಿಕಲಚೇತನ’ವಾಗಲಿ ತಿರುವನಂತಪುರದ ‘ಭಿನ್ನಶೇಷಿ’ಯಾಗಲಿ ಬೇಕಾಗಿಲ್ಲ. ‘ಎಂಡೋಸಲ್ಫಾನಿನಿಂದ ಹಾನಿಗೊಳಗಾದವರು’ ಎಂಬ ನೇರವಾದ ಮಾತಿನಲ್ಲಿ ವಿಷದ ಹೆಸರೂ ಇದೆ, ಬಹುವಚನದ ಗೌರವವೂ ಇದೆ.