ಬೆಟ್ಟ ಕೊರೆದ ಮೇಯರ್

ಅಡಾಲ್ಫ್ ಸುತ್ರೋನ ಜೀವನವನ್ನು ಓದುವಾಗಲೆಲ್ಲ ನನಗೊಂದು ವಿಪರ್ಯಾಸ ಕಾಣುತ್ತದೆ: ಬೆಟ್ಟವನ್ನೇ ಕೊರೆದವನಿಗೆ ನಗರಾಡಳಿತ ಮಣಿಯಲಿಲ್ಲ.

1830ರಲ್ಲಿ ಜರ್ಮನಿಯ ಆಖೆನ್‌ನಲ್ಲಿ ಹುಟ್ಟಿ, 1850ರಲ್ಲಿ ಅಮೆರಿಕ ಸೇರಿದ ಆತ ನೆವಾಡದಲ್ಲಿ ಬೆಳ್ಳಿಯ ಅದಿರನ್ನು ಅರೆಯುವ ಗಿರಣಿಯ ಒಡೆಯನಾದ. ಗಣಿಗಳ ಬಿಸಿನೀರು ಹೊರಹರಿಯಲು, ಗಾಳಿಯಾಡಲು ಬೆಟ್ಟದಡಿ ಸುರಂಗ ಬೇಕೆಂದು ಹಟ ಹಿಡಿದ. 1869ರ ಗಣಿಯ ಬೆಂಕಿಯಲ್ಲಿ 30ಕ್ಕೂ ಹೆಚ್ಚು ಜನ ಸತ್ತ ಮೇಲೆ ಕಾರ್ಮಿಕರೇ ಹಣ ಕೂಡಿಸಿದರು. 1878ರಲ್ಲಿ ಸುರಂಗ ಗಣಿಯನ್ನು ಮುಟ್ಟಿತು.

ಮುಂದೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೈಲು ಕಂಪನಿಯ ದುಬಾರಿ ದರವನ್ನು ಎದುರಿಸಿ ಜನಪ್ರಿಯನಾಗಿ, 1895ರಲ್ಲಿ ಮೇಯರ್ ಆದ. ಆಜ್ಞೆ ಮಾಡಿ ರೂಢಿಯಾದವನಿಗೆ ಹಲವರೊಡನೆ ಹೊಂದಿ ನಡೆಯುವುದು ಒಗ್ಗಲಿಲ್ಲ. ಎರಡೇ ವರ್ಷಕ್ಕೆ ಅಧಿಕಾರ ಮುಗಿಯಿತು.

ಆದರೆ ಜನರಿಗೆಂದು ಆತ 2 ಲಕ್ಷಕ್ಕೂ ಮಿಕ್ಕ ಪುಸ್ತಕ ಕೂಡಿಟ್ಟಿದ್ದ. 1906ರ ಭೂಕಂಪದ ಬೆಂಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೂದಿಯಾದವು. ಉಳಿದವನ್ನು ಅದೇ ನಗರದಲ್ಲಿ ಇಂದಿಗೂ ಓದಬಹುದು. ಅವನ ನಿಜವಾದ ಆಡಳಿತ ಅದೇ ಎಂದು ನನ್ನ ಭಾವನೆ.